ತಗ್ಗಿಸಿದ ಕಾರಿನ ಹಿಂದಿನ ಟೈರ್ ಒಳಮಗ್ಗುಲಲ್ಲೇ ಬೋಳಾಗ್ತಿದೆ: ಕ್ಯಾಂಬರಾ, ಟೋನಾ?

ಕೆಂಪು_ಸೆಡಾನ್ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಫ್ರಂಟ್ ವೀಲ್ ಡ್ರೈವ್ ಟರ್ಬೊ ಸೆಡಾನ್. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂದೆ ಮಲ್ಟಿಲಿಂಕ್ (ಹಲವು ಆರ್ಮ್ ಇರುವ ಸಸ್ಪೆನ್ಷನ್). ಟೈರ್ 225/40 ಆರ್18. 35 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಹಾಕಿದೆ, ಶಾಕ್ ಅಬ್ಸಾರ್ಬರ್ ಕಾರಿನ ಜೊತೆ ಬಂದದ್ದೇ. ಹೊಸ ಟೈರ್ ಹಾಕಿ 9,000 ಕಿ.ಮೀ. ಆಗಿದೆ, ಓಟ ಬಹುಪಾಲು ಹೆದ್ದಾರಿ 48ರಲ್ಲಿ, ದಾವಣಗೆರೆ–ಬೆಂಗಳೂರು.

ಹೊಸದರಲ್ಲಿ ಬಟನ್ (ಟೈರಿನ ಅಚ್ಚಿನ ಆಳ) 8 ಮಿ.ಮೀ. ಇತ್ತು. ಈಗ ಡೆಪ್ತ್ ಗೇಜಲ್ಲಿ ಅಳೆದದ್ದು, ಹೊರಗಿಂದ ಒಳಕ್ಕೆ:

ಮುಂದೆ ಎಡ 6.1 / 5.9 / 4.4
ಮುಂದೆ ಬಲ 6.0 / 5.9 / 4.9
ಹಿಂದೆ ಎಡ 6.6 / 6.0 / 2.6
ಹಿಂದೆ ಬಲ 6.6 / 6.1 / 2.9

ಕೊನೆಯ ಅಲೈನ್‌ಮೆಂಟ್ ಪ್ರಿಂಟ್ (ಕ್ಯಾಂಬರ್ ಅಂದರೆ ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ, ಮೈನಸ್ ಇದ್ದರೆ ಮೇಲಂಚು ಒಳಕ್ಕೆ; ಟೋ ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ): ಮುಂದೆ ಕ್ಯಾಂಬರ್ ಎಡ −1°35′, ಬಲ −1°05′, ಒಟ್ಟು ಟೋ +10′. ಹಿಂದೆ ಕ್ಯಾಂಬರ್ ಎಡ −2°20′, ಬಲ −2°10′. ಹಿಂದಿನ ಟೋ ಎಡ −16′, ಬಲ −6′. ಸ್ಟೇರಿಂಗ್ ನೆಟ್ಟಗೆ ಹೋಗುವಾಗ ಸ್ವಲ್ಪ ಎಡಕ್ಕೆ ತಿರುಗಿರುತ್ತೆ. "ತಗ್ಗಿಸಿದ ಮೇಲೆ ಕ್ಯಾಂಬರ್ ಬಂದೇ ಬರುತ್ತೆ, ಟೈರ್ ತಿನ್ನುತ್ತೆ, ಏನೂ ಮಾಡಕ್ಕಾಗಲ್ಲ" ಅನ್ನುವ ಉತ್ತರ ಸಿಕ್ಕಿದೆ. ನಿಜವಾಗಲೂ ಏನೂ ಮಾಡಕ್ಕಾಗಲ್ವಾ?

ಟೋ_ಮಿನಿಟ್ (ದಾವಣಗೆರೆ)

ಮಾಡಬಹುದು. ಇಷ್ಟು ಸರಿಯಾಗಿ ಅಳೆದು ಹಾಕಿದ್ದಕ್ಕೆ ಮೊದಲು ಧನ್ಯವಾದ, ನಿಮ್ಮ ಪ್ರಿಂಟಲ್ಲೇ ಉತ್ತರ ಇದೆ. ಹಿಂದಿನ ಎರಡೂ ಚಕ್ರಕ್ಕೆ ಟೋ ಮೈನಸ್. ಅಂದರೆ ಎರಡೂ ಮೂತಿ ಹೊರಕ್ಕೆ ತಿರುಗಿಸಿಕೊಂಡು ಓಡ್ತಿವೆ. ಒಟ್ಟು −22 ಮಿನಿಟ್ (60 ಮಿನಿಟ್ ಅಂದರೆ 1 ಡಿಗ್ರಿ). ಟೈರ್ ತಿಂದದ್ದು ಮುಖ್ಯವಾಗಿ ಇದು. ಕ್ಯಾಂಬರ್ ಮಾಡಿದ್ದು, ಆ ಸವೆತವನ್ನೆಲ್ಲ ಒಳ ಅಂಚಿಗೆ ತಳ್ಳಿದ್ದು.

ಲೆಕ್ಕ ನೋಡಿ. ಹಿಂದಿನ ಆಕ್ಸಲ್ ತಾನು ಹೋಗಬೇಕಾದ ದಿಕ್ಕನ್ನು ಎರಡು ಚಕ್ರದ ಸರಾಸರಿಯಲ್ಲಿ ಹಿಡಿಯುತ್ತೆ. ಹಾಗಾಗಿ ಎಡದ್ದು 16, ಬಲದ್ದು 6 ಅಂತ ಇದ್ದರೂ ರಸ್ತೆ ಮೇಲೆ ಪ್ರತಿ ಚಕ್ರ ಅಡ್ಡ ಉಜ್ಜುವುದು ಒಟ್ಟು ಟೋದ ಅರ್ಧ, ಅಂದರೆ 11 ಮಿನಿಟ್. 11 ಮಿನಿಟ್ ಕೋನದಲ್ಲಿ 1 ಕಿ.ಮೀ. ಓಡಿದರೆ ಟೈರ್ 3.2 ಮೀಟರ್ ಅಡ್ಡಕ್ಕೆ ಉಜ್ಜಿದ ಹಾಗೆ. 9,000 ಕಿ.ಮೀ.ಗೆ ಸುಮಾರು 29 ಕಿ.ಮೀ. ದಾವಣಗೆರೆಯಿಂದ ಹರಿಹರಕ್ಕೆ ಹೋಗಿ ವಾಪಸ್ ಬರುವಷ್ಟು ದೂರ ಟೈರನ್ನು ಅಡ್ಡಡ್ಡ ಎಳೆದ ಹಾಗಾಯ್ತು. ಕಾರಿನ ಹಿಂಭಾಗದ ತೂಕವೆಲ್ಲ ಮೇಲೆ ಕೂತಿರುವಾಗ ಬಟನ್ ಉಳಿಯುತ್ತಾ?

ಎಡ-ಬಲದ ವ್ಯತ್ಯಾಸದ ಅರ್ಧ, 5 ಮಿನಿಟ್, ಥ್ರಸ್ಟ್ ಆಂಗಲ್, ಅಂದರೆ ಹಿಂದಿನ ಆಕ್ಸಲ್ ತಳ್ಳುವ ದಿಕ್ಕು ಕಾರಿನ ನಡುಗೆರೆಯಿಂದ ಎಷ್ಟು ಓರೆ ಅನ್ನೋದು. ಹಿಂಭಾಗ ಎಡಕ್ಕೆ ತಳ್ಳುತ್ತೆ, ನೆಟ್ಟಗೆ ಹೋಗಲು ಮುಂದಿನ ಚಕ್ರವನ್ನೂ ಎಡಕ್ಕೆ ಹಿಡಿಯಬೇಕು. ನಿಮ್ಮ ಸ್ಟೇರಿಂಗ್ ಎಡಕ್ಕೆ ಕೂತಿರೋದು ಅದಕ್ಕೇ. ಯಾರಾದರೂ ಮುಂದಿನ ಟೈ ರಾಡ್ (ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಕಂಬಿ) ತಿರುಗಿಸಿ ಸ್ಟೇರಿಂಗ್ ನೆಟ್ಟಗೆ ಮಾಡಿಕೊಟ್ಟರೆ ಕಣ್ಣಿಗೆ ಸರಿ ಕಾಣುತ್ತೆ, ರೋಗ ಹಿಂದೆ ಹಾಗೇ ಇರುತ್ತೆ.

ಕೈಯಲ್ಲೂ ಪರೀಕ್ಷೆ ಮಾಡಬಹುದು. ಹಿಂದಿನ ಟೈರ್ ಬಟನ್ ಮೇಲೆ ಅಂಗೈಯನ್ನು ಒಳಗಿಂದ ಹೊರಕ್ಕೆ ಸವರಿ, ಆಮೇಲೆ ಹೊರಗಿಂದ ಒಳಕ್ಕೆ. ಹೊರಕ್ಕೆ ಹೋಗುವಾಗ ನುಣುಪು, ಒಳಕ್ಕೆ ಬರುವಾಗ ಗರಗಸದ ಹಲ್ಲಿನ ಹಾಗೆ ತಡೆದರೆ ಟೋ-ಔಟ್. ಇದರ ಉಲ್ಟಾ ಆದರೆ ಟೋ-ಇನ್. ಕ್ಯಾಂಬರ್ ಒಂದರಿಂದಲೇ ಸವೆದ ಟೈರಲ್ಲಿ ಈ ಹಲ್ಲು ಇರಲ್ಲ, ಒಳಗಡೆ ಇಳಿಜಾರಾಗಿ ನುಣ್ಣಗೆ ಸವೆದಿರುತ್ತೆ.

ಚಳ್ಳಕೆರೆ_ರೋಡ್ (ಚಿತ್ರದುರ್ಗ)

ಟೋ ಮುಖ್ಯ ಅನ್ನೋದು ಒಪ್ಪಿದೆ ಸರ್. ಆದರೆ −2°20′ ಕ್ಯಾಂಬರನ್ನ ಅಷ್ಟು ಸುಲಭವಾಗಿ ಬಿಡಬೇಡಿ. ಟ್ರ್ಯಾಕ್ ಕಾರಿಗೆ ಅಷ್ಟು ಕ್ಯಾಂಬರ್ ಇಡ್ತಾರೆ ಯಾಕಂದರೆ ಅದು ದಿನವಿಡೀ ತಿರುವಲ್ಲೇ ಇರುತ್ತೆ. ತಿರುವಲ್ಲಿ ಬಾಡಿ ವಾಲಿದಾಗ ಹೊರ ಅಂಚು ಕೆಲಸ ಮಾಡುತ್ತೆ, ಎರಡೂ ಮಗ್ಗುಲು ಸಮ ಸವೆಯುತ್ತೆ. ಮಲೆನಾಡಿನ ಘಾಟಿಯಲ್ಲಿ ಓಡಿಸೋರಿಗೂ ಸ್ವಲ್ಪ ಮಟ್ಟಿಗೆ ಹಾಗೇ. ನಮ್ಮ ಕಡೆ ಹಿರಿಯೂರು ದಾಟಿದ ಮೇಲೆ ದಾವಣಗೆರೆವರೆಗೂ ಬಯಲು, ದಾರಿ ಹೆಚ್ಚುಕಡಿಮೆ ನೆಟ್ಟಗೆ. ಗಂಟೆಗಟ್ಟಲೆ ಟೈರ್ ಒಳಮಗ್ಗುಲ ಮೇಲೇ ಓಡುತ್ತೆ, ಹೊರ ಅಂಚಿಗೆ ಕೆಲಸವೇ ಬರಲ್ಲ. ಹಿಂದೆ 1°30′ ಒಳಗೆ ತರೋದು ಒಳ್ಳೇದು.

ಟೋ_ಮಿನಿಟ್

ಪೂರ್ತಿ ಒಪ್ತೀನಿ. ಎರಡನ್ನೂ ಒಟ್ಟಿಗೇ ಸರಿ ಮಾಡಬೇಕು. ಟೋ ಸರಿಯಿದ್ದು −1°30′ ಕ್ಯಾಂಬರ್ ಇದ್ದರೆ ಸಾಮಾನ್ಯ ರಸ್ತೆ ಟೈರ್ ತಡೆದುಕೊಳ್ಳುತ್ತೆ. ಟೋ ಕೆಟ್ಟು −0°30′ ಕ್ಯಾಂಬರ್ ಇದ್ದರೂ ಟೈರ್ ಹೋಗುತ್ತೆ, ಆಗ ಹೋಗೋದು ಅಗಲ ಪೂರ್ತಿ. ಇನ್ನೊಂದು ವಿಷಯ, ಇವರ ಕಾರಲ್ಲಿ ಹಿಂದೆ ಕ್ಯಾಂಬರ್ ಬದಲಿಸಿದರೆ ಟೋ ಕೂಡ ಕದಲುತ್ತೆ. ಕ್ಯಾಂಬರ್ ಮೊದಲು, ಟೋ ಆಮೇಲೆ. ತಿರುಗಾಮುರುಗಾ ಮಾಡಿದರೆ ಟೋ ಇನ್ನೊಂದು ಸಲ ಮಾಡಬೇಕಾಗುತ್ತೆ.

ಹರಿಹರ_ಹೊಳೆ (ಹರಿಹರ)

ಅಲೈನ್‌ಮೆಂಟ್‌ಗೆ ಓಡೋ ಮುಂಚೆ ಗಾಡಿ ಕೆಳಗೆ ಒಂದ್ಸಲ ನೋಡ್ರಿ. ಸಡಿಲ ಇರೋ ಬುಷ್ (ಆರ್ಮ್ ಕೀಲಿನಲ್ಲಿರೋ ರಬ್ಬರು) ಮೇಲೆ ಅಲೈನ್‌ಮೆಂಟ್ ಮಾಡ್ಸಿದ್ರೆ ಮಷೀನ್ ಮೇಲೆ ಸರಿ ಇರ್ತೈತಿ, ಬ್ರೇಕ್ ಹಿಡಿದ ತಕ್ಷಣ ಟೋ ಬೇರೆ ಆಗ್ತೈತಿ.

ತಗ್ಗಿಸಿದ ಗಾಡೀಲಿ ಬುಷ್ ಬೇಗ ಹರಿಯೋಕೆ ಒಂದೇ ದೊಡ್ಡ ಕಾರಣ, ಮತ್ತೆ ಅದನ್ನ ತಪ್ಪಿಸಬಹುದು. ಕಂಟ್ರೋಲ್ ಆರ್ಮ್ ಬುಷ್‌ನ ರಬ್ಬರು ಒಳಗಿನ ಕಬ್ಬಿಣದ ಕೊಳವೆಗೂ ಹೊರಗಿನದಕ್ಕೂ ಅಂಟಿಕೊಂಡಿರ್ತೈತಿ. ಬೋಲ್ಟ್ ಬಿಗಿ ಮಾಡಿದಾಗ ಒಳಕೊಳವೆ ಅಲ್ಲೇ ಹಿಡ್ಕೊಂಡ್ಬಿಡ್ತೈತಿ, ಆರ್ಮ್ ಆಡಿದಾಗ ರಬ್ಬರು ತಿರುಚಿ ವಾಪಸ್ ಬರ್ಬೇಕು. ಸ್ಪ್ರಿಂಗ್ ಹಾಕೋವಾಗ ಗಾಡಿ ಲಿಫ್ಟ್ ಮೇಲೆ, ಚಕ್ರ ಜೋತು ಬಿದ್ದಿರ್ತಾವು. ಆ ಸ್ಥಿತೀಲೇ ಬಿಗಿ ಮಾಡಿದ್ರೆ, ಕೆಳಗಿಳಿಸಿದ ಕ್ಷಣದಿಂದಲೇ ರಬ್ಬರು ತಿರುಚಿಕೊಂಡೇ ಕೂತಿರ್ತೈತಿ. ದಿನಾ ಹಂಪ್ ಹಾರ್ಸಿದ್ರೆ ಬೇಗ ಸೀಳು ಬರ್ತೈತಿ.

ಸರಿಯಾದ ಕ್ರಮ ಹಿಂಗೆ. ಗಾಡಿ ಸಮನೆಲದ ಮೇಲೆ ಇದ್ದಾಗ ಹಬ್ ಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರ್ಕೊಳ್ರಿ. ಲಿಫ್ಟ್ ಮೇಲೆ ಬುಷ್ ಬೋಲ್ಟ್ ಎಲ್ಲಾ ಸಡಿಲ ಮಾಡಿ, ಹಬ್ ಕೆಳಗೆ ಜಾಕ್ ಕೊಟ್ಟು ಅದೇ ಅಳತೆ ಬರೋ ತನಕ ಎತ್ರಿ, ಆಮೇಲೆ ಕಂಪನಿ ಹೇಳಿದ ಟಾರ್ಕಿಗೆ ಬಿಗಿ ಮಾಡ್ರಿ. ಟಾರ್ಕ್ ಕೊಟ್ಟ ಮೇಲೆ ಇಂತಿಷ್ಟು ಡಿಗ್ರಿ ತಿರುಗಿಸಬೇಕು ಅಂತ ಇರೋ ಬೋಲ್ಟ್‌ಗಳನ್ನ ಮತ್ತೆ ಬಳಸಬ್ಯಾಡ್ರಿ, ಹೊಸದು ಹಾಕ್ರಿ. ಅದೇ ಅಳತೇಲಿ ಎಡ-ಬಲಕ್ಕೆ 5 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಇದ್ರೆ ಸ್ಪ್ರಿಂಗ್ ತನ್ನ ಸೀಟಲ್ಲಿ ಕೂತಿಲ್ಲ ಅಂತ ಅನುಮಾನ ಪಡ್ರಿ.

ಹರಿಹರ_ಹೊಳೆ

ಶಾಕ್ ಬಗ್ಗೆ ಬರೆಯೋದು ಉಳೀತು. ಕಂಪನಿ ಶಾಕ್ ಮೇಲೆ 35 ಮಿ.ಮೀ. ತಗ್ಗಿಸಿದ್ರೆ ರಾಡ್ ಆಡೋಕೆ ಇರೋ ಜಾಗ ಅಷ್ಟೇ ಕಮ್ಮಿ ಆಗ್ತೈತಿ. ರಾಡ್ ಮೇಲೆ ಸಣ್ಣ ಕೇಬಲ್ ಟೈ ಕಟ್ಟಿ, ಶಾಕ್ ಬಾಡಿಗೆ ತಾಗೋ ಹಾಗೆ ಕೆಳಗೆ ಸರಿಸಿ, ಒಂದು ವಾರ ಓಡ್ಸಿ ನೋಡ್ರಿ. ಟೈ ಮೇಲೆ ಹೋಗಿ, ಶಾಕ್ ಆಟದ ಕೊನೆಯ ಏಟು ತಡೆಯೋ ರಬ್ಬರು ಬಂಪ್ ಸ್ಟಾಪರ್‌ಗೆ ಒತ್ತಿಕೊಂಡು ನಿಂತಿದ್ರೆ ಗಾಡಿ ಪದೇ ಪದೇ ಸ್ಟಾಪರ್ ಮೇಲೇ ಕೂರ್ತಿದೆ ಅಂತ ಅರ್ಥ. ಆಗ ಚಕ್ರ ರಸ್ತೆ ಮೇಲೆ ಕುಣೀತೈತಿ, ಟೈರ್ ಸುತ್ತಲೂ ಅಲ್ಲಲ್ಲಿ ಬಟ್ಟಲಿನಂಗೆ ತಗ್ಗು ಬೀಳ್ತೈತಿ. ಇದಕ್ಕೆ ಎಷ್ಟು ಅಲೈನ್‌ಮೆಂಟ್ ಮಾಡ್ಸಿದ್ರೂ ಗುಣ ಇಲ್ಲ, ತಗ್ಗಿಸಿದ ಸ್ಪ್ರಿಂಗ್‌ಗೆ ಹೊಂದೋ ಗಿಡ್ಡ ಶಾಕೇ ಬೇಕು. ಸ್ಟಾಪರ್ ಕತ್ತರಿಸೋದಿದ್ರೆ ಸ್ಪ್ರಿಂಗ್ ತಯಾರಕರು ಹೇಳಿದಷ್ಟೇ ಕತ್ತರಿಸ್ರಿ. ಪೂರ್ತಿ ತೆಗೆದ್ರೆ ಶಾಕ್ ಒಳಗಿನ ವಾಲ್ವ್ ಒಡೀತೈತಿ.

ಕೆಂಪು_ಸೆಡಾನ್

ಕೈ ಸವರಿ ನೋಡಿದೆ. ಹೊರಕ್ಕೆ ನುಣುಪು, ಒಳಕ್ಕೆ ಹಲ್ಲು. ಎರಡೂ ಕಡೆ ಹಾಗೇ. ಬಟ್ಟಲು ಬಟ್ಟಲಾಗಿ ತಗ್ಗು ಎಲ್ಲೂ ಇಲ್ಲ. ಹಾಗಾದರೆ ಅಲೈನ್‌ಮೆಂಟ್‌ಗೆ ಹೋದಾಗ ನಿರ್ದಿಷ್ಟವಾಗಿ ಏನು ಕೇಳಬೇಕು? ಯಾವ ಸಂಖ್ಯೆ?

ಟೋ_ಮಿನಿಟ್

ಹೋಗುವ ಮುಂಚೆ: ಗಾಳಿ ಸರಿಯಾಗಿರಲಿ, ಡಿಕ್ಕಿಯಲ್ಲಿ ದಿನಾ ಇರುವ ಸಾಮಾನು ಮಾತ್ರ ಇರಲಿ, ಪೆಟ್ರೋಲ್ ಅರ್ಧ ಟ್ಯಾಂಕ್. ಹೆಚ್ಚಾಗಿ ಒಬ್ಬರೇ ಓಡಿಸುವುದಾದರೆ ಡ್ರೈವರ್ ಸೀಟಿನ ಮೇಲೆ ಅವರ ತೂಕದಷ್ಟು ಅಕ್ಕಿ ಚೀಲವೋ ಮರಳು ಚೀಲವೋ ಇಡಿಸಿ. ತಗ್ಗಿಸಿದ ಕಾರಲ್ಲಿ ಆರ್ಮ್‌ಗಳು ಈಗಾಗಲೇ ಓರೆಯಾಗಿರುವುದರಿಂದ ಸಣ್ಣ ಎತ್ತರದ ವ್ಯತ್ಯಾಸಕ್ಕೂ ಕೋನ ಹೆಚ್ಚು ಬದಲಾಗುತ್ತೆ. ಹೊಸ ಸ್ಪ್ರಿಂಗ್ ಆದರೆ 300–500 ಕಿ.ಮೀ. ಓಡಿ ಕೂತ ಮೇಲೆ ಅಂತಿಮ ಅಲೈನ್‌ಮೆಂಟ್. ಅಲ್ಲಿಯವರೆಗೆ ಹಾಗೇ ಓಡಿಸಬೇಡಿ, ಸ್ಪ್ರಿಂಗ್ ಹಾಕಿದ ದಿನವೇ ಟೋ ಮಾತ್ರವಾದರೂ ಸರಿ ಮಾಡಿಸಿ.

ಮಷೀನ್ ಮೇಲೆ: ಕ್ಲ್ಯಾಂಪ್ ಹಾಕಿದ ಮೇಲೆ ಚಕ್ರ ಉರುಳಿಸಿ ರನ್‌ಔಟ್ (ರಿಮ್ ಅಥವಾ ಕ್ಲ್ಯಾಂಪ್ ಸೊಟ್ಟದಿಂದ ಬರುವ ಅಳತೆಯ ತಪ್ಪು) ತೆಗೆಯಲೇಬೇಕು. ಆಮೇಲೆ ಕಾರಿನ ಮೂತಿ, ಹಿಂಭಾಗ ಎರಡನ್ನೂ ಕೈಯಲ್ಲಿ ಒತ್ತಿ ಕುಲುಕಿಸಿ ಸಸ್ಪೆನ್ಷನ್ ಕೂರಿಸಬೇಕು. ಕೆಲಸ ಹಿಂದಿನಿಂದ ಶುರು. ನಿಮ್ಮ ಕಾರಲ್ಲಿ ಹಿಂದೆ ಪ್ರತಿ ಕಡೆ ಎರಡು ಎಕ್ಸೆಂಟ್ರಿಕ್ ಬೋಲ್ಟ್ (ತಿರುಗಿಸಿದರೆ ಆರ್ಮ್ ಸರಿಸುವ ಬೋಲ್ಟ್) ಇರುತ್ತೆ, ಒಂದು ಕ್ಯಾಂಬರ್‌ಗೆ, ಒಂದು ಟೋಗೆ. ಇದನ್ನು ಮುಟ್ಟದೆ ಮುಂದಿನ ಟೋ ಮಾತ್ರ ತಿರುಗಿಸಿ "ಅಲೈನ್‌ಮೆಂಟ್ ಆಯ್ತು" ಅಂದರೆ ಅರ್ಧ ಕೆಲಸವೂ ಆಗಿಲ್ಲ. ಹಿಂದಿನದು ಮುಗಿದ ಮೇಲೆ ಸ್ಟೇರಿಂಗ್ ನೆಟ್ಟಗೆ ಲಾಕ್ ಮಾಡಿ ಮುಂದಿನ ಟೋ.

ನಿಮ್ಮ ಓಟಕ್ಕೆ ನಾನು ಕೇಳುವ ಸಂಖ್ಯೆ:

ಹಿಂದೆ ಕ್ಯಾಂಬರ್ −1°20′ ರಿಂದ −1°40′, ಎಡ-ಬಲ ವ್ಯತ್ಯಾಸ 15′ ಒಳಗೆ.
ಹಿಂದೆ ಟೋ ಪ್ರತಿ ಚಕ್ರಕ್ಕೆ +5′ ರಿಂದ +8′. ಎರಡೂ ಪ್ಲಸ್, ಎರಡೂ ಸಮ.
ಥ್ರಸ್ಟ್ ಆಂಗಲ್ 3′ ಒಳಗೆ.
ಮುಂದೆ ಒಟ್ಟು ಟೋ 0 ರಿಂದ +8′.

ಹಿಂದೆ ಟೋ ಸೊನ್ನೆ ಮಾಡಿಸಬೇಡಿ. ಸೊನ್ನೆ ಇಟ್ಟರೆ ಟೈರ್‌ಗೆ ಇನ್ನೂ ಒಳ್ಳೆಯದು ಅನ್ನಿಸಬಹುದು, ಆದರೆ ಓಡುವಾಗ ಬುಷ್ ಬಾಗಿ ಹಿಂದಿನ ಚಕ್ರ ಸ್ವಲ್ಪ ಹೊರಕ್ಕೆ ಹೋಗುತ್ತೆ, ಮತ್ತೆ ಟೋ-ಔಟ್. ವೇಗದಲ್ಲಿ ಲೇನ್ ಬದಲಿಸುವಾಗ ಹಿಂಭಾಗ ಅಲ್ಲಾಡುತ್ತೆ. ಸ್ವಲ್ಪ ಟೋ-ಇನ್ ಇರಲೇಬೇಕು.

ಮುಂದಿನ ಕ್ಯಾಂಬರ್‌ಗೆ ನಿಮ್ಮ ಕಾರಲ್ಲಿ ಬೇರೆ ಹೊಂದಾಣಿಕೆ ಇಲ್ಲದಿದ್ದರೆ ಸಬ್‌ಫ್ರೇಮ್ (ಸಸ್ಪೆನ್ಷನ್ ಆರ್ಮ್ ಹಿಡಿದಿರುವ ಚೌಕಟ್ಟು) ಬೋಲ್ಟ್ ಸಡಿಲಿಸಿ ಅದನ್ನು ಪಕ್ಕಕ್ಕೆ ಸರಿಸುವುದೊಂದೇ ದಾರಿ. ಒಂದು ಕಡೆ ಎಷ್ಟು ಕಡಿಮೆ ಆಗುತ್ತೋ ಇನ್ನೊಂದು ಕಡೆ ಅಷ್ಟು ಹೆಚ್ಚಾಗುತ್ತೆ. −1°35′ ಮತ್ತು −1°05′ ಇರುವುದು ಎರಡೂ −1°20′ ಆಗುತ್ತೆ, ಅಷ್ಟು ಸಾಕು. ಮುಂದೆ ಎಡ ಟೈರ್ ಒಳಗೆ 4.4, ಬಲಕ್ಕೆ 4.9 ಇರುವುದಕ್ಕೂ ಈ ವ್ಯತ್ಯಾಸ ಹೊಂದುತ್ತೆ.

ಚಳ್ಳಕೆರೆ_ರೋಡ್

ಒಂದು ಮುಖ್ಯ ಎಚ್ಚರಿಕೆ, ಇದರಲ್ಲಿ ತುಂಬಾ ಜನ ಎಡವುತ್ತಾರೆ. ಮಷೀನ್ ಯಾವ ಅಳತೆಯಲ್ಲಿ ತೋರಿಸ್ತಿದೆ ಅಂತ ಮೊದಲು ಕೇಳಿ. 0°10′ ಅಂದರೆ 10 ಮಿನಿಟ್. 0.10° ಅಂದರೆ 6 ಮಿನಿಟ್. 0.20 ನೋಡಿ 20 ಮಿನಿಟ್ ಅಂದುಕೊಂಡರೆ ತಪ್ಪು, ಅದು 12. ಕೆಲವು ಕಡೆ ಮಿಲಿಮೀಟರಲ್ಲಿ ತೋರಿಸುತ್ತೆ. 18 ಇಂಚಿನ ರಿಮ್ಮಿಗೆ 1 ಮಿ.ಮೀ. ಅಂದರೆ ಸುಮಾರು 7.5 ಮಿನಿಟ್. ಫೋನಲ್ಲಿ ಯಾರೋ ಹೇಳಿದ ಸಂಖ್ಯೆಯನ್ನು ಅಳತೆ ನೋಡದೆ ಹಾಕಿಸಿದರೆ ದುಡ್ಡೂ ಟೈರೂ ಎರಡೂ ಹೋಗುತ್ತೆ.

ಪರದೆ ಮೇಲೆ ಹಸಿರು ಬಂತು ಅಂತ ಸಮಾಧಾನ ಆಗಬೇಡಿ. ಆ ಹಸಿರು ಕಂಪನಿ ಎತ್ತರದ ಕಾರಿನ ಮಿತಿ. ಅದರ ಒಂದು ತುದಿಯಲ್ಲಿ ಎಡ, ಇನ್ನೊಂದು ತುದಿಯಲ್ಲಿ ಬಲ ಇದ್ದರೂ ಎರಡೂ ಹಸಿರೇ. ಕೆಲಸಕ್ಕೆ ಮುಂಚಿನ ಪ್ರಿಂಟ್, ಆಮೇಲಿನ ಪ್ರಿಂಟ್ ಎರಡನ್ನೂ ಕೇಳಿ ಇಟ್ಟುಕೊಳ್ಳಿ.

ಎರೆ_ಹೊಲ (ದಾವಣಗೆರೆ ತಾಲ್ಲೂಕು)

ಅಣ್ಣಾವ್ರೇ, ಹಿಂದೆ ಮಲ್ಟಿಲಿಂಕ್ ಇಲ್ಲದೆ ಒಂದೇ ಬೀಮ್ ಇರೋ ಹ್ಯಾಚ್‌ಬ್ಯಾಕ್‌ಗಳಿಗೆ ಏನು ಮಾಡೋದು? ಅದರಲ್ಲಿ ತಿರುಗಿಸೋಕೆ ಬೋಲ್ಟೇ ಇರಲ್ವಲ್ಲ.

ಹರಿಹರ_ಹೊಳೆ

ಟ್ವಿಸ್ಟ್ ಬೀಮ್. ಪೋಲೊ ತರದ ಗಾಡಿಗಳಲ್ಲಿ ಇರೋದು ಅದೇ. ಅದರಲ್ಲಿ ಒಂದು ಅನುಕೂಲ ಐತಿ, ತಗ್ಗಿಸಿದ್ರೂ ಹಿಂದಿನ ಕ್ಯಾಂಬರ್ ಹೆಚ್ಚು ಬದಲಾಗಲ್ಲ, ಎರಡೂ ಚಕ್ರ ಒಂದೇ ಬೀಮ್ ಜೊತೆ ಮೇಲೆ ಕೆಳಗೆ ಹೋಗ್ತಾವು. ಆದ್ರೂ ಟೋ ಅಥವಾ ಕ್ಯಾಂಬರ್ ಕೆಟ್ಟಿದ್ರೆ ಸ್ಟಬ್ ಆಕ್ಸಲ್‌ಗೂ ಬೀಮ್‌ಗೂ ನಡುವೆ ಓರೆ ಶಿಮ್ (ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇರೋ ತಗಡು) ಹಾಕ್ತಾರೆ, ಕಾಲು ಡಿಗ್ರಿ ಅಂತರದಲ್ಲಿ ಸಿಗ್ತಾವು. ಶಿಮ್ ಪೂರ್ತಿ ಅಗಲಕ್ಕೆ ಕೂರೋ ಥರದ್ದು ಇರ್ಬೇಕು, ವಾಷರ್ ತುಂಡು ಕೊಟ್ಟು ಓರೆ ಮಾಡಿದ್ರೆ ಬೋಲ್ಟ್ ಬಾಗ್ತೈತಿ. ಶಿಮ್ ಹಾಕೋ ಮುಂಚೆ ಬೀಮ್ ಗುಂಡಿಗೆ ಬಿದ್ದು ಬಾಗಿಲ್ಲ ಅಂತ ಖಾತ್ರಿ ಮಾಡ್ಕೊಳ್ರಿ. ಬಾಗಿದ ಬೀಮ್‌ಗೆ ಶಿಮ್ ಪರಿಹಾರ ಅಲ್ಲ.

ಎರೆ ನೆಲದ ಮೇಲಿನ ಹಳ್ಳಿ ರಸ್ತೇಲಿ ಓಡ್ಸೋರು ಇದನ್ನ ಲಕ್ಷ್ಯ ಇಟ್ಟು ನೋಡ್ರಿ. ಮಳೆಗಾಲದಾಗ ಎರೆ ಉಬ್ಬಿ, ಬೇಸಿಗೇಲಿ ಬಿರುಕು ಬಿಟ್ಟು ಕುಸಿದು ಡಾಂಬರು ಅಲೆ ಅಲೆ ಆಗಿರ್ತೈತಿ. ತಗ್ಗಿಸಿದ ಗಾಡಿ ಆ ಅಲೆ ಮೇಲೆ ಸ್ಟಾಪರ್‌ಗೆ ಹೊಡ್ಕೊಂತಾನೇ ಹೋಗ್ತೈತಿ.

ಕೋಟೆ_ಬಾಗಿಲು (ಚಿತ್ರದುರ್ಗ)

ಗಾಳಿ ಬಗ್ಗೆ ಯಾರೂ ವಿವರ ಬರೆದಿಲ್ಲ. ಡ್ರೈವರ್ ಬಾಗಿಲಿನ ಕಂಬದಲ್ಲೋ ಪೆಟ್ರೋಲ್ ಮುಚ್ಚಳದ ಒಳಗೋ ಅಂಟಿಸಿರುವ ಸಂಖ್ಯೆಯೇ ಆಧಾರ, ತಗ್ಗಿಸಿದ್ದರಿಂದ ಅದು ಬದಲಾಗಲ್ಲ. ಟೈರ್ ಸೈಜ್ ಬದಲಿಸಿದ್ದರೆ ಮಾತ್ರ ಹೊಸ ಟೈರಿನ ಭಾರದ ಪಟ್ಟಿ ನೋಡಬೇಕು. ಬೆಳಿಗ್ಗೆ ಬಿಸಿಲೇರುವ ಮುಂಚೆ, ಕಾರು ತೆಗೆಯುವ ಮುಂಚೆ ಅಳೆಯಿರಿ. ಟೈರ್ ಬಿಸಿ ಸುಮಾರು 5–6 ಡಿಗ್ರಿ ಸೆಲ್ಸಿಯಸ್ ಏರಿದರೆ 1 ಪಿಎಸ್‌ಐ ಏರುತ್ತೆ. ಏಪ್ರಿಲ್ ಮಧ್ಯಾಹ್ನ ಹಿರಿಯೂರಿನಿಂದ ಬಂದು ಬಂಕಲ್ಲಿ ನಿಂತು ಗೇಜ್ 39 ತೋರಿಸಿತು ಅಂತ 34ಕ್ಕೆ ಇಳಿಸಿದರೆ, ಮರುದಿನ ಬೆಳಿಗ್ಗೆ ಅದು 29–30 ಆಗಿರುತ್ತೆ. ಗಾಳಿ ಕಡಿಮೆ ಆದರೆ ಎರಡೂ ಭುಜ ಸವೆಯುತ್ತೆ, ಕ್ಯಾಂಬರ್ ಇರುವ ಕಾರಲ್ಲಿ ಒಳಭುಜಕ್ಕೆ ಎರಡು ಪೆಟ್ಟು. ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ನೈಟ್ರೋಜನ್ ಹಾಕಿಸಿದರೆ ಸವೆತ ಸಮ ಆಗುತ್ತೆ ಅನ್ನುವುದರಲ್ಲಿ ಹುರುಳಿಲ್ಲ.

ಕೆಂಪು_ಸೆಡಾನ್

ಈಗಿರುವ ಟೈರ್ ಉಳಿಸಿಕೊಳ್ಳಬಹುದಾ? ಹಿಂದಿನದನ್ನು ಮುಂದೆ, ಮುಂದಿನದನ್ನು ಹಿಂದೆ ಹಾಕೋಣ ಅಂದುಕೊಂಡಿದ್ದೆ.

ಚಳ್ಳಕೆರೆ_ರೋಡ್

ಅಲೈನ್‌ಮೆಂಟ್ ಸರಿ ಮಾಡದೆ ಬೇಡ. ಮಾಡಿದ ಮೇಲೂ ಯೋಚಿಸಿ. ಬಟನ್ ನಡುವೆ ಸವೆತದ ಮಿತಿ ತೋರಿಸುವ ಗುರುತು ಗಟ್ಟಿಗಳು 1.6 ಮಿ.ಮೀ. ಎತ್ತರ ಇರುತ್ತೆ. ನಿಮಗೆ ಒಳಗೆ ಉಳಿದಿರುವುದು 2.6, ಅಂದರೆ ಒಂದೇ ಒಂದು ಮಿಲಿಮೀಟರ್. ಮುಂದಿನ ಚಕ್ರಕ್ಕೆ ಎಂಜಿನ್ ಭಾರ, ಎಳೆತ, ಬ್ರೇಕು, ತಿರುವು ಎಲ್ಲಾ ಬೀಳುತ್ತೆ, ಆ ಅಂಚು ಅಲ್ಲಿ ಬಹಳ ದಿನ ನಿಲ್ಲಲ್ಲ. ಮಳೆಗಾಲ ಹತ್ತಿರ ಇದ್ದರೆ ಹೊಸ ಜೋಡಿ ತಂದು ಹಿಂದೆ ಹಾಕಿ. ಒಳ್ಳೆ ಟೈರ್ ಯಾವಾಗಲೂ ಹಿಂದೆ, ನೀರಲ್ಲಿ ಹಿಂಭಾಗ ಜಾರಿದರೆ ಹಿಡಿಯೋದು ಕಷ್ಟ.

ಇಲ್ಲಿಂದ ಮುಂದಕ್ಕೆ 5,000 ಕಿ.ಮೀ.ಗೆ ಒಂದು ಸಲ ಮುಂದೆ-ಹಿಂದೆ ಬದಲಿಸಿ. ನಾಲ್ಕೂ ಒಂದೇ ಮಟ್ಟದಲ್ಲಿ ಇರುವಾಗಲೇ ಶುರು ಮಾಡಬೇಕು.

ಕೋಟೆ_ಬಾಗಿಲು

ರಿಮ್ಮಿನಿಂದ ಟೈರ್ ತೆಗೆದು ಮಗುಚಿ ಹಾಕುವ ದಾರಿಯೂ ಇದೆ, ಆದರೆ ಟೈರ್ ಯಾವ ಜಾತಿ ಅಂತ ನೋಡಬೇಕು. ಪಕ್ಕದಲ್ಲಿ ಬಾಣದ ಗುರುತು ಇರುವ ಟೈರನ್ನು ಮಗುಚಿ ಎದುರು ಮಗ್ಗುಲಿಗೆ, ಎಡದ್ದನ್ನು ಬಲಕ್ಕೆ ಹಾಕಿದರೆ ಒಳ ಅಂಚು ಹೊರಗೆ ಬರುತ್ತೆ, ತಿರುಗುವ ದಿಕ್ಕೂ ಸರಿ ಇರುತ್ತೆ. 'ಔಟ್‌ಸೈಡ್', 'ಇನ್‌ಸೈಡ್' ಅಂತ ಬರೆದಿರುವ ಟೈರನ್ನು ಮಗುಚುವಂತಿಲ್ಲ. ಅರ್ಧ ಸವೆಯುವ ಮುಂಚೆ ಮಾಡಿದರೆ ಲಾಭ, ಒಳಗೆ ತಂತಿ ಕಾಣಿಸಿಕೊಂಡ ಮೇಲೆ ಆ ಟೈರ್ ರಸ್ತೆಗೆ ಇಳಿಯಲೇಬಾರದು.

ಎರೆ_ಹೊಲ

ಪ್ರತಿ ಸಲ ಮಷೀನ್ ಹತ್ರ ಹೋಗದೆ ಮನೇಲೇ ಟೋ ನೋಡೋಕೆ ಆಗುತ್ತಾ?

ಟೋ_ಮಿನಿಟ್

ಹೊಂದಿಸಲು ಅಲ್ಲ, ಕದಲಿದೆಯೋ ಇಲ್ಲವೋ ತಿಳಿಯಲು ಆಗುತ್ತೆ. ಗಾರೆ ಕೆಲಸದವರ ನೈಲಾನ್ ದಾರ, ನಾಲ್ಕು ಸ್ಟ್ಯಾಂಡ್, ಸ್ಟೀಲ್ ಸ್ಕೇಲ್ ಸಾಕು. ಸಮನೆಲದಲ್ಲಿ ಸ್ಟೇರಿಂಗ್ ನೆಟ್ಟಗಿಟ್ಟು ಕಾರನ್ನು ಎರಡು ಮೀಟರ್ ಮುಂದಕ್ಕೆ ಉರುಳಿಸಿ ಬಿಡಿ. ಕಾರಿನ ಎರಡೂ ಬದಿಗೆ, ಹಬ್ ಎತ್ತರಕ್ಕೆ ದಾರ ಕಟ್ಟಿ. ಮುಂದಿನ ಹಬ್ ಮಧ್ಯದಿಂದ ದಾರಕ್ಕೆ ಎಡಕ್ಕೂ ಬಲಕ್ಕೂ ಒಂದೇ ದೂರ ಇರಬೇಕು, ಹಿಂದಿನ ಹಬ್‌ಗೂ ಎಡ-ಬಲ ಒಂದೇ ದೂರ. ಮುಂದಿನದೂ ಹಿಂದಿನದೂ ಒಂದೇ ಆಗಬೇಕಿಲ್ಲ, ಆಕ್ಸಲ್ ಅಗಲ ಬೇರೆ ಬೇರೆ ಇರುತ್ತೆ. ಜೊತೆಗೆ ಎರಡು ದಾರದ ನಡುವಿನ ಅಂತರ ಕಾರಿನ ಮುಂದೆಯೂ ಹಿಂದೆಯೂ ಒಂದೇ ಇರಬೇಕು.

ಈಗ ರಿಮ್ಮಿನ ಮುಂದಿನ ಅಂಚಿನಿಂದ ದಾರಕ್ಕೆ, ಹಿಂದಿನ ಅಂಚಿನಿಂದ ದಾರಕ್ಕೆ ಅಳೆಯಿರಿ. ಮುಂದಿನ ಅಂಚು ದಾರಕ್ಕೆ ಹತ್ತಿರ ಇದ್ದರೆ ಟೋ-ಔಟ್. 1 ಮಿ.ಮೀ. ವ್ಯತ್ಯಾಸಕ್ಕೆ ಮೇಲೆ ಹೇಳಿದ ಹಾಗೆ 7.5 ಮಿನಿಟ್. ಕ್ಯಾಂಬರ್‌ಗೆ ತೂಗುಗುಂಡು ಇಳಿಬಿಟ್ಟು ರಿಮ್ಮಿನ ಮೇಲಂಚು, ಕೆಳಂಚು ಅಳೆದರೆ 18 ಇಂಚಿಗೆ 8 ಮಿ.ಮೀ. ಅಂದರೆ 1 ಡಿಗ್ರಿ.

ಕೆಂಪು_ಸೆಡಾನ್

ಕೊನೆಯ ಪ್ರಶ್ನೆ. ಹಿಂದಿನ ಎಕ್ಸೆಂಟ್ರಿಕ್ ಬೋಲ್ಟ್ ಕೊನೆಯವರೆಗೂ ತಿರುಗಿಸಿದರೂ ಕ್ಯಾಂಬರ್ −1°40′ ಒಳಗೆ ಬರದಿದ್ದರೆ?

ಟೋ_ಮಿನಿಟ್

ಹೊಂದಿಸಬಹುದಾದ ಉದ್ದದ ಆರ್ಮ್ ಸಿಗುತ್ತೆ, ಎರಡೂ ಕಡೆಗೆ ಜೋಡಿಯಾಗಿ ಹಾಕಿಸಿ. ತೂತು ಉಜ್ಜಿ ಅಗಲ ಮಾಡಿಸಬೇಡಿ, ಬೋಲ್ಟ್ ಒಂದು ಗುಂಡಿಗೆ ಬಿದ್ದ ಏಟಿಗೇ ಜಾರುತ್ತೆ. ಇನ್ನೊಂದು ಆಯ್ಕೆ 35ರ ಬದಲು 20–25 ಮಿ.ಮೀ. ತಗ್ಗಿಸುವ ಸ್ಪ್ರಿಂಗ್. ನೋಟಕ್ಕೆ ಅಷ್ಟು ವ್ಯತ್ಯಾಸ ಕಾಣಲ್ಲ, ಕೋನಗಳೆಲ್ಲ ಕಾರಿನ ಸ್ವಂತ ಹೊಂದಾಣಿಕೆಯೊಳಗೇ ಬರುವ ಸಾಧ್ಯತೆ ಹೆಚ್ಚು. ನನ್ನ ಒಲವು ಇದರ ಕಡೆಗೆ.

ಹರಿಹರ_ಹೊಳೆ

ಬಿಗಿ ಮಾಡಿದ ಮೇಲೆ ಎಕ್ಸೆಂಟ್ರಿಕ್ ಬೋಲ್ಟ್ ತಲೆ ಮೇಲೆ ಮತ್ತೆ ಬ್ರಾಕೆಟ್ ಮೇಲೆ ಸೇರಿಸಿ ಬಿಳಿ ಪೇಂಟ್‌ನಿಂದ ಒಂದು ಗೆರೆ ಎಳೀರಿ. ಬೋಲ್ಟ್ ಜಾರಿದ್ರೆ ಗೆರೆ ಮುರಿದಿರ್ತೈತಿ. ಮೊದಲ 1,000 ಕಿ.ಮೀ.ಗೆ ಒಂದ್ಸಲ ಕೆಳಗೆ ಬಗ್ಗಿ ನೋಡ್ರಿ, ಆಮೇಲೆ ಟೈರ್ ಬದಲಿಸೋ ಪ್ರತಿ ಸಲ.